ಪಿಯಾನೋಗೆ ಕೊಟ್ಟ ಕಾವು

ಮೊಮ್ಮಗಳ ಬಾಣಂತನ ನಡೆದಿದೆ. ಮುಂಬಯಿ ಗೋರೆಗಾಂವ್‌ನ ಈ ಬಿಲ್ಡಿಂಗಿನಲ್ಲಿ ಸ್ವಲ್ಪ ಹೊಗೆ ಎದ್ದರೂ ಪಕ್ಕದವರು ಬಂದು ಬಾಗಿಲು ಬಡಿಯುತ್ತಾರೆ. ಆದರೂ ನಾನು ಬಾಣಂತಿಗೆ ಕಾವು ಕೊಡುವುದು ಬಿಟ್ಟಿಲ್ಲ. ನಿನ್ನೆ ಶಿಗಡಿಯ ಕೆಂಡದ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ ಹಾಕಿದೆ. ಆ ವಾಸನೆಗೆ ಬೇರೆಯವರಿಗೆ ಕೂಸು ನೆನಪಾಗುತ್ತದೆ. ನನಗೆ ಪಿಯಾನೋ ನೆನಪಾಗುತ್ತದೆ.

ಅದು ಸಾಂತಾಕ್ರೂಜ್‌ನಲ್ಲಿ ನಾನು ಕೆಲಸಕ್ಕೆ ಹೋಗುತ್ತಿದ್ದ ಮನೆಯ ಟೀಚರದ್ದು. ಮಂಗಳೂರು ಕಡೆಯ ಕ್ರಿಶ್ಚಿಯನ್ನರು. ಮದುವೆಯಾಗಿರಲಿಲ್ಲ, ಎರಡನೇ ಮಾಳಿಗೆಯಲ್ಲಿ ಒಬ್ಬರೇ ಇದ್ದರು. ಮಕ್ಕಳಿಗೆ ಪಿಯಾನೋ ಕಲಿಸುತ್ತಿದ್ದರು. ಸಿಟ್ಟಿನ ಹೆಂಗಸು. ತಪ್ಪು ನುಡಿಸಿದ ಹುಡುಗಿಯ ಬೆರಳಿಗೆ ಪೆನ್ಸಿಲಿನಿಂದ ಹೊಡೆದು, ಆಮೇಲೆ ಬಿಸ್ಕಿಟ್ ಕೊಡುತ್ತಿದ್ದರು. ನನಗೆ ಬಿಸ್ಕಿಟ್ ಇಲ್ಲ, ಬೈಗುಳ ಮಾತ್ರ.

ಆ ಪಿಯಾನೋ ನನ್ನ ಕಣ್ಣಿಗೆ ಒಂದು ದೊಡ್ಡ ಕಪಾಟು, ಅಷ್ಟೆ. ಮಳೆಗಾಲದಲ್ಲಿ ಅದರ ಹೊಟ್ಟೆಯೊಳಗೆ ಒಂದು ಸಣ್ಣ ಬಲ್ಬು ಹಗಲೂ ರಾತ್ರಿ ಉರಿಯುತ್ತಿರಬೇಕು. ಇಲ್ಲದಿದ್ದರೆ ಮುಂಬಯಿಯ ಹಸಿಗೆ ಮರ ಉಬ್ಬಿ, ನುಡಿಸಲು ಬೆರಳಿನಿಂದ ಒತ್ತಿದ ಬಿಳಿ, ಕರಿ ಪಟ್ಟಿ ಮತ್ತೆ ಮೇಲೆ ಏಳುವುದಿಲ್ಲ. ಬಲ್ಬು ಆರದಂತೆ ನೋಡುವುದು ನನ್ನ ಕೆಲಸ. ದೇವರ ದೀಪವನ್ನೂ ನಾನು ಅಷ್ಟು ಕಾದವಳಲ್ಲ.

ಮಕ್ಕಳು ಹೋದ ಮೇಲೆ ಟೀಚರ್ ತಮ್ಮ ಪಾಡಿಗೆ ಬೇರೊಂದು ಸಂಗೀತ ನುಡಿಸುತ್ತಿದ್ದರು. ನಾರ್ವೆ, ಸ್ವೀಡನ್ ಅಂತ ಉತ್ತರದಲ್ಲಿ ಚಳಿ ದೇಶಗಳಿವೆಯಂತೆ, ಅಲ್ಲಿಯವರ ಜಾಜ್. ಎಡಗೈ ಚರ್ಚಿನಲ್ಲಿ ಕೂತ ಹಾಗೆ ಹಳೆಯ ಶಾಸ್ತ್ರೀಯ ಸಂಗೀತವನ್ನು ನೆಟ್ಟಗೆ ನುಡಿಸುವುದು, ಬಲಗೈ ತನಗೆ ತೋಚಿದ ಕಡೆ ಅಲೆಯುವುದು. ನಡುನಡುವೆ ಎರಡೂ ಕೈ ಸುಮ್ಮನೆ...

ಒಮ್ಮೆ ಕೇಳಿಯೇಬಿಟ್ಟೆ. "ಮರ್ತೀರೇನ್ರೀ ಟೀಚರ?"

"ಮರೆತದ್ದಲ್ಲ ಮಾರಾಯ್ತಿ. ಅಲ್ಲಿ ಹಿಮ ಬೀಳ್ತದೆ. ಹಿಮ ಬೀಳುವಾಗ ಊರೇ ಸುಮ್ಮನಾಗ್ತದಂತೆ."

"ನೀವ್ ನೋಡೀರೇನು?"

"ಫ್ರಿಜ್ಜಿನಲ್ಲಿ ನೋಡಿದ್ದೇನೆ. ನೀನು ನೆಲ ಒರೆಸು."

ಆ ಬಿಲ್ಡಿಂಗ್ ಒಡೆದು ಟವರ್ ಕಟ್ಟುವುದು ಗಟ್ಟಿಯಾಯಿತು. ಒಬ್ಬೊಬ್ಬರಾಗಿ ಖಾಲಿ ಮಾಡಿದರು. ಟೀಚರಿಗೆ ಚೆಂಬೂರಿನಲ್ಲಿ ಸಿಕ್ಕ ಬಾಡಿಗೆ ಖೋಲಿಯಲ್ಲಿ ಮಂಚ ಹಾಕಿದರೆ ಪಿಯಾನೋ ಹಿಡಿಯದು, ಪಿಯಾನೋ ಇಟ್ಟರೆ ಮಂಚ ಹಿಡಿಯದು. ಪುಣೆಯ ಒಂದು ಶಾಲೆಗೆ ಅದನ್ನು ಕೊಟ್ಟುಬಿಟ್ಟರು. ಹಗ್ಗ ಕಟ್ಟಿ ಕಿಟಕಿಯಿಂದ ಇಳಿಸುವವರು ರವಿವಾರ ಬರುವುದೆಂದಾಯಿತು. ಶನಿವಾರ ಸಂಜೆ ಬನ್ನಿ ಎಂದು ಟೀಚರ್ ತಮಗೆ ಬೇಕಾದವರಿಗೆಲ್ಲ ಫೋನ್ ಮಾಡಿದರು.

"ಬದುಕೆಲ್ಲ ಮಕ್ಕಳ ಪರೀಕ್ಷೆಯ ಪಾಠ ನುಡಿಸಿದೆ," ಎಂದು ನನಗೆ ಹೇಳಿದರು. "ಒಂದು ಸಂಜೆ ನನ್ನದು ನುಡಿಸ್ತೇನೆ. ಇದರಲ್ಲೇ ನುಡಿಸ್ತೇನೆ."

ಆ ವಾರವೇ ಕರೆಂಟ್ ಹೋಯಿತು. ಬಿಲ್ಡರ್ ಕಡೆಯವರು ಕೆಳಗೆ ತಂತಿ ಕತ್ತರಿಸಿದ್ದರು. ಬಲ್ಬು ಆರಿತು, ಮಳೆ ಮಾತ್ರ ನಿಲ್ಲಲಿಲ್ಲ. ಶನಿವಾರ ಬೆಳಿಗ್ಗೆ ಮುಚ್ಚಳ ತೆಗೆದರೆ, ಹಲ್ಲು ಬಿದ್ದ ಬಾಯಿಯ ಹಾಗೆ ಪಟ್ಟಿಗಳು ಅಲ್ಲಲ್ಲಿ ಕುಸಿದಿದ್ದವು.

ಕೆಳಗಿನ ಮನೆಯ ವಕೀಲರು ಬಂದು ನೋಡಿದರು. "ಕ್ಯಾನ್ಸಲ್ ಮಾಡಿ ಟೀಚರ್. ಮುಂದೆ ಎಲ್ಲಾದರೂ ಹಾಲ್ ಬುಕ್ ಮಾಡುವ."

"ಅಲ್ಲಿ ಅವರ ಪಿಯಾನೋ ಇರ್ತದೆ. ನನ್ನದು ನಾಳೆ ಹೋಗ್ತದೆ. ಬರುವಾಗ ಛತ್ರಿ ತನ್ನಿ, ಮೆಟ್ಟಿಲ ಮೇಲೆ ಸೋರ್ತದೆ."

ಅವರು ಹೋದ ಮೇಲೆ ಟೀಚರ್ ಒಂದೊಂದೇ ಪಟ್ಟಿಯನ್ನು ಉಗುರಿನಿಂದ ಎತ್ತಿ, ಒತ್ತಿ ನೋಡಿದರು. ಒತ್ತಿದ್ದೆಲ್ಲ ಮತ್ತೆ ಅಲ್ಲೇ ಕೂತಿತು. ಅವರು ಅಳಲಿಲ್ಲ. ಅತ್ತಿದ್ದರೆ ನಾನು ಮನೆಗೆ ಹೋಗುತ್ತಿದ್ದೆ. ನಾನು ನಾವಿದ್ದ ಚಾಳಿಗೆ ಹೋಗಿ, ಬಾಣಂತಿಯರಿಗೆ ಕಾವು ಕೊಡುವ ಶಿಗಡಿ ಹೊತ್ತು ತಂದೆ.

ಟೀಚರ್ ಬಾಗಿಲಲ್ಲೇ ತಡೆದರು. "ಸುಟ್ಟು ಹಾಕ್ತೀಯಾ ಅದನ್ನು?"

"ಎಷ್ಟ್ ಬಾಣಂತೇರ್ನ ಕಾಸೀನ್ರೀ, ಒಬ್ಬಾಕಿನ್ನೂ ಸುಟ್ಟಿಲ್ಲ. ಕೆಳಗಿನ ಹಲಗಿ ತಗೀರಿ."

ಇಡೀ ಮಧ್ಯಾಹ್ನ ಕಾವು ಕೊಟ್ಟೆ. ಕೆಂಡದ ಮೇಲೆ ಬೂದಿ ಮುಚ್ಚಿ, ತುಸು ದೂರ ಇಟ್ಟು, ಮೊರದಿಂದ ಬೀಸಿದೆ. ಟೀಚರ್ ನೀರಿನ ಬಕೆಟ್ ಹಿಡಿದು ಪಕ್ಕದಲ್ಲೇ ನಿಂತಿದ್ದರು. ನಂಬಿಕೆ ಇರಲಿಲ್ಲ ಅವರಿಗೆ, ಆದರೆ ಬೇಡ ಅನ್ನಲೂ ಇಲ್ಲ. ಹೊತ್ತು ಇಳಿಯುವಾಗ ಪಟ್ಟಿಗಳು ಏಳತೊಡಗಿದವು. ಕೈಗೆ ರೂಢಿ ಇತ್ತಲ್ಲ... ಶಿಗಡಿಯ ಜೊತೆ ಬಂದ ಚೀಲದಿಂದ ಅಜವಾನ, ಬೆಳ್ಳುಳ್ಳಿ ಸಿಪ್ಪೆ ಒಂದು ಹಿಡಿ ತೆಗೆದು ಯಾವಾಗ ಕೆಂಡಕ್ಕೆ ಹಾಕಿದೆನೋ ನನಗೇ ತಿಳಿಯಲಿಲ್ಲ. ಹೊಗೆ ಖೋಲಿ ತುಂಬಿತು. ಅಷ್ಟರಲ್ಲಿ ಮಂದಿ ಮೆಟ್ಟಿಲು ಹತ್ತುತ್ತಿದ್ದರು.

ಹಳೆಯ ವಿದ್ಯಾರ್ಥಿಗಳು, ಚರ್ಚಿನವರು, ಛತ್ರಿ ಹಿಡಿದ ವಕೀಲರು. ಒಬ್ಬ ಮರಾಠಿ ಹೆಂಗಸು ಮೂಗೆಳೆದು, ಇಲ್ಲಿ ಬಾಣಂತಿ ಯಾರು ಎಂದು ಕೇಳಿಯೇಬಿಟ್ಟಳು.

"ನಾನೇ," ಅಂದರು ಟೀಚರ್. "ಹೆರಿಗೆ ಇನ್ನೂ ಆಗಬೇಕು. ಕೂತ್ಕೊಳ್ಳಿ."

ಬಲಗಡೆಯ ಒಂದು ಬಿಳಿ ಪಟ್ಟಿ ಮಾತ್ರ ಎಷ್ಟು ಕಾಸಿದರೂ ಒತ್ತಿದಲ್ಲೇ ಉಳಿಯುತ್ತಿತ್ತು. ಆ ಸಂಗೀತಕ್ಕೆ ಅದು ಬೇಕೇ ಬೇಕಂತೆ. ಟೀಚರ್ ತಮ್ಮ ಪಕ್ಕಕ್ಕೆ ಸ್ಟೂಲ್ ಎಳೆದು ನನ್ನನ್ನು ಕೂರಿಸಿದರು. "ನಾನು ಒತ್ತುತ್ತೇನೆ, ನೀನು ಎತ್ತು. ಕಿವಿ ತೆರೆದಿಡು, ಬಾಯಿ ಮುಚ್ಚು."

ಮೇಣದಬತ್ತಿಯ ಬೆಳಕಿನಲ್ಲಿ ಶುರು ಮಾಡಿದರು. ಎಷ್ಟೋ ವರ್ಷ ಆ ಮನೆಯ ನೆಲ ಒರೆಸುತ್ತ ಅದನ್ನು ಕೇಳಿದ್ದೇನೆ ಎಂದುಕೊಂಡಿದ್ದೆ. ಕೇಳಿರಲಿಲ್ಲ. ಅಂದು ಎತ್ತಬೇಕಾಗಿತ್ತು, ಅದಕ್ಕೇ ಕೇಳಿದೆ. ಎಡಗೈ ಬೀಸುಕಲ್ಲಿನ ಹಾಗೆ ಒಂದೇ ಸಮ ತಿರುಗುವುದು. ಬಲಗೈ ಎಲ್ಲೆಲ್ಲೋ ಹೋಗಿ, ತಿರುಗಿ ಬಂದಾಗಲೆಲ್ಲ ಆ ಪಟ್ಟಿಯ ಮೇಲೆ ನಿಲ್ಲುವುದು. ಆ ಸ್ವರ ಕರಗಿದ ಮೇಲೆ ಸದ್ದಿಲ್ಲ. ಆ ಸದ್ದಿಲ್ಲದ ಹೊತ್ತಿನಲ್ಲಿ ನಾನು ಉಗುರು ಹಾಕಿ ಅದನ್ನು ಎತ್ತುವುದು. ನಡುವೆ ಒಂದು ವಿಮಾನ ತಲೆಯ ಮೇಲೇ ಹೋಯಿತು. ಟೀಚರ್ ಕೈ ಎತ್ತಿ ಹಿಡಿದು ಕಾದರು. ಅದು ಪೂರಾ ದೂರ ಹೋಗುವ ತನಕ ಯಾರೂ ಅಲುಗಲಿಲ್ಲ. ಅಷ್ಟು ಹೊಗೆಯಲ್ಲೂ ಒಬ್ಬರೂ ಕೆಮ್ಮಲಿಲ್ಲ. ಆಮೇಲೆ ಬೆರಳು ಇಳಿಯಿತು, ಆ ಪಟ್ಟಿಯ ಮೇಲೆಯೇ...

ಮುಗಿದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಟೀಚರ್ ನನ್ನ ಕಡೆ ತಿರುಗಿ, "ಒಂದು ಕಡೆ ತಡ ಮಾಡಿದೆ," ಎಂದು ಬೈದರು. ಬಿಸ್ಕಿಟ್ ಡಬ್ಬಿ ತೆಗೆದು ನನ್ನ ಮುಂದಿಟ್ಟರು.

ಮರುದಿನ ಪಿಯಾನೋ ಹಗ್ಗದ ಮೇಲೆ ಇಳಿದು ಹೋಯಿತು. ಟೀಚರ್ ಕಿಟಕಿಯಲ್ಲಿ ನಿಂತು, ಕಟ್ಟಿದವರನ್ನು ಕೊನೆಯ ತನಕ ಗದರುತ್ತಿದ್ದರು. ಮತ್ತೆ ಯಾವ ಪಿಯಾನೋವನ್ನೂ ಅವರು ಮುಟ್ಟಿದ್ದು ನಾನು ಕಾಣೆ. ಟವರ್ ಮುಗಿಯುವ ಮೊದಲೇ ಚೆಂಬೂರಿನಲ್ಲಿ ಸತ್ತರು. ನಾನು ಹೋಗುವಷ್ಟರಲ್ಲಿ ಪೆಟ್ಟಿಗೆ ಮುಚ್ಚಿಯಾಗಿತ್ತು. ಶಾಂತವಾಗಿ ಹೋದರು ಎಂದು ಅಲ್ಲಿದ್ದವರು ಹೇಳಿದರು. ನಾನು ನಂಬಲಿಲ್ಲ.

ನಿನ್ನೆ ಕೆಂಡದ ಮುಂದೆ ಕೂತಿದ್ದಾಗ ಮೊಮ್ಮಗಳು ಕೇಳಿದಳು. "ಅಜ್ಜಿ, ಬೆರಳು ಯಾಕ ಹಂಗ ಮಾಡಾಕತ್ತೀ?"

ನೋಡಿದರೆ ನನ್ನ ಬೆರಳು ಮಂಚದ ಅಂಚಿಗೆ ಉಗುರು ಹಾಕಿ ಎತ್ತುತ್ತಿತ್ತು.

"ಸುಮ್ಕಿರು," ಅಂದೆ. ಮೇಲೆ ವಿಮಾನ ಹೋಗುತ್ತಿತ್ತು. ಅದು ಪೂರಾ ಹೋಗಲಿ ಎಂದು ಕಾದೆ. ಹೋಯಿತು. ಆಮೇಲೆ ಯಾವ ಸ್ವರವೂ ಬರಲಿಲ್ಲ. ಕೆಂಡಕ್ಕೆ ಬೂದಿ ಮುಚ್ಚಿ ಎದ್ದೆ.