ಮೇಷ್ಟ್ರು ಆರಿಸಿದ ಹೆಡ್‌ಸೆಟ್

ವೆಲ್ಡಿಂಗ್ ಮೇಷ್ಟ್ರಿಗೆ ಮೇಷ್ಟ್ರು ಅಂತ ಯಾರೂ ಇರಲಿಲ್ಲ. ತಗಡಿನ ಶೆಡ್ಡಿನಲ್ಲಿ ಕಸ ಗುಡಿಸುತ್ತ, ದೊಡ್ಡವರ ಕೈ ನೋಡುತ್ತ, ತಾವಾಗಿಯೇ ಕಲಿತ ವಿದ್ಯೆ. ಆ ಶೆಡ್ಡಿನಲ್ಲಿ ಮೂವರಿಗೆ ಒಂದೇ ಮುಖಕವಚ, ಅದೂ ಹಿರಿಯನ ಪಾಲು. ಉಳಿದವರು ವೆಲ್ಡಿಂಗ್ ರಾಡು ಕಬ್ಬಿಣಕ್ಕೆ ತಾಗುವ ಗಳಿಗೆಗೆ ಕಣ್ಣು ಮುಚ್ಚಬೇಕು, ಕಿಡಿಯ ಸದ್ದು ಕೇಳಿಯೇ ಕೈ ನಡೆಸಬೇಕು. ಮುಂದೆ ಅವರಿಗೂ ಕವಚ ಬಂತು, ತರಬೇತಿ ಕೇಂದ್ರದಲ್ಲಿ ಪಾಠ ಹೇಳುವ ಕೆಲಸ ಬಂತು. ಆ ಚಾಳಿ ಮಾತ್ರ ಹೋಗಲಿಲ್ಲ. ಹುಟ್ಟುಗುಣವಷ್ಟೇ ಅಲ್ಲ, ಹೊಟ್ಟೆಪಾಡಿಗೆ ಕಲಿತ ಗುಣವೂ ಸುಟ್ಟರೆ ಹೋಗುವುದಿಲ್ಲ. “ಕಣ್ಣು ಬಿಟ್ಟು ನೋಡ್ರೋ!” ಅಂತ ಮೂವತ್ತು ವರ್ಷ ಗದರಿದವರು ಕಪ್ಪು ಗಾಜಿನ ಹಿಂದೆ ತಾವು ಮುಚ್ಚಿಕೊಂಡೇ ಇದ್ದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಅವರ ಸೊಸೆ ಕಂಪ್ಯೂಟರ್ ಓದಿದವಳು. ಅದೇ ಕೇಂದ್ರಕ್ಕೆ ಒಂದು ಆ್ಯಪ್ ಮಾಡಿಕೊಡಲು ಒಪ್ಪಿಕೊಂಡಿದ್ದಳು. ಕಣ್ಣಿಗೆ ಪೆಟ್ಟಿಗೆಯಂಥ ಹೆಡ್‌ಸೆಟ್ ಕಟ್ಟಿಕೊಂಡರೆ ಕಬ್ಬಿಣ, ಕಿಡಿ ಎಲ್ಲ ಎದುರಿಗೇ ಇದ್ದ ಹಾಗೆ ಕಾಣುವ ವರ್ಚುವಲ್ ರಿಯಾಲಿಟಿ. ಕೈ ಸುಟ್ಟುಕೊಳ್ಳದೆ ವೆಲ್ಡಿಂಗ್ ಕಲಿಯಬಹುದು. ಆದರೆ ಹೆಡ್‌ಸೆಟ್ಟಿನಲ್ಲಿ ಎರಡು ಜಾತಿ. ಚಿಕ್ಕದು ಹಗುರ, ತಂತಿಯ ಹಂಗಿಲ್ಲ. ದೊಡ್ಡದನ್ನು ಭಾರೀ ಕಂಪ್ಯೂಟರಿಗೆ ಕಟ್ಟಿಹಾಕಬೇಕು. ಚಿತ್ರ ಚೆಂದ, ಹಾಕಿಕೊಂಡವರ ಕಣ್ಣು ಎತ್ತ ನೋಡಿತು ಎನ್ನುವುದನ್ನೂ ಅದು ದಾಖಲಿಸುತ್ತದೆ. ಒಂದಕ್ಕೆ ಮಾಡಿದ ಆ್ಯಪ್ ಇನ್ನೊಂದಕ್ಕೆ ಹೊಂದಬೇಕಾದರೆ ಮುಕ್ಕಾಲು ಪಾಲು ಹೊಸದಾಗಿ ಮಾಡಬೇಕು.

“ಮಾವ, ನನಗೇನೋ ಚಿಕ್ಕದೇ ಸರಿ ಅನ್ನಿಸ್ತಿದೆ. ಆದ್ರೆ ಕೆಲಸ ಗೊತ್ತಿರೋರು ನೀವು. ಎರಡರಲ್ಲೂ ಒಂದು ಮಾದರಿ ಪಾಠ ಇದೆ, ಹಾಕ್ಕೊಂಡು ನೋಡಿ ಹೇಳಿ.”

ಮೇಷ್ಟ್ರು ಚಿಕ್ಕದನ್ನು ಹಾಕಿಕೊಂಡರು. ರಾಡು ತಾಗಿತು, ರೆಪ್ಪೆ ಮುಚ್ಚಿತು. ಇಲ್ಲಿ ಕೈಗೆ ಕಬ್ಬಿಣದ ಆಸರೆ ಇಲ್ಲ; ಕಣ್ಣು ತೆರೆಯುವ ಹೊತ್ತಿಗೆ ಬೆಸುಗೆ ಹಾವು ಹರಿದ ಹಾಗೆ ಸೊಟ್ಟ. ಗೋಡೆಯ ಟಿವಿಯಲ್ಲಿ ಅಂಕ ಮೂಡಿತು: ನೂರಕ್ಕೆ ಹನ್ನೊಂದು.

ಬಟ್ಟೆ ಮಡಚುತ್ತಿದ್ದ ಹೆಂಡತಿ, “ಏನ್ರೀ ಮೇಷ್ಟ್ರೇ, ನಿಮ್ಮನ್ನ ಪಾಸ್ ಮಾಡಿದ ಪುಣ್ಯಾತ್ಮ ಯಾರು?” ಅಂದರು.

“ಕಿಡಿ ಹಾರೋ ಹೊತ್ತಿಗೇ ಇದರಲ್ಲಿ ಚಿತ್ರ ಕತ್ತಲಾಗುತ್ತಮ್ಮ,” ಎಂದು ಮೇಷ್ಟ್ರು ಸೊಸೆಗೆ ಹೇಳಿದರು.

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ,” ಅಂದರು ಹೆಂಡತಿ.

“ನೀನು ಸುಮ್ನಿರೆ!”

“ನನಗೆ ಕತ್ತಲಾಗ್ಲಿಲ್ವಲ್ಲ ಮಾವ,” ಅಂದಳು ಸೊಸೆ.

“ಕಿಡಿ ವಿಚಾರ ನಿನಗೇನು ಗೊತ್ತು?”

ದೊಡ್ಡದರಲ್ಲಿ ಅಂಕ ಕೊಡುವ ಏರ್ಪಾಡು ಇನ್ನೂ ಆಗಿರಲಿಲ್ಲ, ಟಿವಿಗೂ ಅದನ್ನು ಜೋಡಿಸಿರಲಿಲ್ಲ. ಅದನ್ನು ಹಾಕಿಕೊಂಡಾಗಲೂ ಬೆಸುಗೆ ಸೊಟ್ಟಗೇ ಆಯಿತು. ನೋಡಿದವರು ಯಾರೂ ಇಲ್ಲ. “ಹ್ಞಾಂ, ಇದು ಅಂದ್ರೆ ಇದು! ಕಣ್ಣು ಮುಚ್ಕೊಂಡು ಇದಕ್ಕೇ ಮಾಡು,” ಎಂದುಬಿಟ್ಟರು. ಹಿರಿಯರ ಮಾತು, ಸೊಸೆ ನಂಬಿದಳು.

ಐದು ತಿಂಗಳು ದುಡಿದು ಅವಳು ಆ್ಯಪ್ ಮುಗಿಸಿ ಕೇಂದ್ರಕ್ಕೆ ಒಯ್ದಳು. ಮೂವತ್ತು ಜನ ಕಲಿಯುವವರಿಗೆ ಒಂದೇ ಕಂಪ್ಯೂಟರ್. ಮೊದಲನೆಯವಳೇ ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ತಂತಿ ಸುತ್ತಿಕೊಂಡು ನಿಂತಳು. ಉಳಿದವರು ಸಾಲಿನಲ್ಲಿ ಆಕಳಿಸಿದರು. ಪ್ರಾಂಶುಪಾಲರು ತಲೆ ಕೊಡವಿದರು.

“ಇದನ್ನ ಆರಿಸಿದ್ದು ಯಾರಮ್ಮ?”

“ನಾನೇ ಸರ್. ಸರಿಯಾಗಿ ವಿಚಾರ ಮಾಡ್ಲಿಲ್ಲ.”

“ಹಾಗಾದ್ರೆ ಬೇರೆಯವರ ಕೈಲಿ ಮಾಡಿಸ್ತೀವಿ, ಬಿಡಿ.”

ಮೂರು ಹೆಜ್ಜೆ ಆಚೆ ನಿಂತಿದ್ದ ಮೇಷ್ಟ್ರ ನಾಲಿಗೆ ಕಬ್ಬಿಣಕ್ಕೆ ಕಚ್ಚಿದ ಹಸಿ ರಾಡಿನ ಹಾಗೆ ಅಂಟಿಕೊಂಡಿತ್ತು.

ಮನೆಯ ದಾರಿಯಲ್ಲಿ ಕೇಳಿದರು: “ನನ್ನ ಹೆಸರು ಯಾಕೆ ಹೇಳ್ಲಿಲ್ಲಮ್ಮ?”

“ಹೇಳಿದ್ರೆ ಪೂರ್ತಿ ಹೇಳಬೇಕಾಗ್ತಿತ್ತು ಮಾವ. ಹೋದ ವಾರ ದೊಡ್ಡದರಲ್ಲಿದ್ದ ನಿಮ್ಮ ಕಣ್ಣಿನ ದಾಖಲೆ ನೋಡ್ದೆ. ಪ್ರತಿ ಸಲಾನೂ ಮುಚ್ಚಿದೀರಿ. ಯಾರಾದ್ರೂ ನೋಡಿಯಾರು ಅಂತ ಅದನ್ನ ಅಳಿಸಿಬಿಟ್ಟೆ.”

ಬೈದಿದ್ದರೆ ತೊಳೆದುಹೋಗುತ್ತಿತ್ತು. ಮಗಳ ವಯಸ್ಸಿನವಳು ತಮ್ಮ ಮಾನಕ್ಕೆ ತನ್ನ ಸೆರಗು ಮುಚ್ಚಿದ್ದಳು. ಆ ದಿನ ಮೇಷ್ಟ್ರಿಗೆ ಊಟದ ತಟ್ಟೆಯಿಂದ ಮುಖ ಎತ್ತಲಾಗಲಿಲ್ಲ.

ಮರುದಿನ ಪ್ರಾಂಶುಪಾಲರು ವರ್ಕ್‌ಶಾಪಿನಲ್ಲಿದ್ದಾಗ, ಕಲಿಯುವವರ ನಡುವೆಯೇ ಹೋಗಿ ನಿಂತರು. “ಸರ್, ದೊಡ್ಡದನ್ನ ಆರಿಸಿದ್ದು ನಾನು. ಸೊಸೆ ಚಿಕ್ಕದು ಅಂದಿದ್ಲು. ಕಿಡಿ ಹಾರುವಾಗ ನಾನು ಕಣ್ಣು ಮುಚ್ತೀನಿ. ಅದನ್ನ ಒಪ್ಕೊಳ್ಳೋಕಾಗದೆ ಚಿಕ್ಕದರ ಮೇಲೆ ತಪ್ಪು ಹೊರಿಸಿದೆ.”

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು.

“ಎಷ್ಟು ದಿನದಿಂದ?” ಅಂದರು ಪ್ರಾಂಶುಪಾಲರು.

“ಮೊದಲಿಂದಲೂ ಸರ್.”

ಪ್ರಾಂಶುಪಾಲರು ದೊಡ್ಡ ಹೆಡ್‌ಸೆಟ್ಟನ್ನು ಪಕ್ಕಕ್ಕೆ ಸರಿಸಿದರು. “ನಾಲ್ಕು ತಿಂಗಳು ಕೊಡ್ತೀನಿ, ಚಿಕ್ಕದಕ್ಕೆ ಮಾಡ್ಕೊಂಡು ಬರಲಿ. ಸರಿಯಿದೆಯಾ ಅಂತ ನೋಡೋ ಕೆಲಸ ಮಾತ್ರ ನಿಮಗೆ ಬೇಡ ಮೇಷ್ಟ್ರೇ.” ಮಾತು ನ್ಯಾಯವಾಗಿಯೇ ಇತ್ತು, ಅದಕ್ಕೇ ಹೆಚ್ಚು ಉರಿಯಿತು.

ಸುದ್ದಿ ಕೇಳಿದ ಸೊಸೆ, “ಎಲ್ಲರೆದುರೇ ಹೇಳಿದ್ರಾ?” ಅಂದಳು. ಹ್ಞೂಂ ಅಂದರು. ಅವಳು ಕಂಪ್ಯೂಟರ್ ಮುಂದೆ ಕೂತಳು. ಎರಡು ದಿನ ಕಳೆದ ಮೇಲೆ ಚಿಕ್ಕ ಹೆಡ್‌ಸೆಟ್ ತಂದು ಕೈಗಿತ್ತಳು.

“ಕಣ್ಣು ಮುಚ್ಚೋರು ನೀವೊಬ್ಬರೇ ಅಲ್ಲ ಮಾವ. ಅವರಿಗಂತ ಒಂದು ಪಾಠ ಸೇರಿಸಿದೀನಿ. ಕಿಡಿ ಹಾರೋ ಗಳಿಗೆಗೆ ಒಂದು ಅಂಕಿ ಮಿನುಗುತ್ತೆ. ಕಣ್ಣು ಬಿಟ್ಟೋರಿಗಷ್ಟೇ ಕಾಣೋದು.”

ಮೇಷ್ಟ್ರು ಹಾಕಿಕೊಂಡರು. ಹಲ್ಲು ಕಚ್ಚಿ ರಾಡು ತಾಗಿಸಿದರು.

“ಯಾವ ಅಂಕಿ ಬಂತು?”

ನಾಲ್ಕು ಎನ್ನಲೇ, ಏಳು ಎನ್ನಲೇ ಎಂದು ನಾಲಿಗೆ ತುರಿಸಿತು.

“ಕಾಣಲಿಲ್ಲಮ್ಮ,” ಅಂದರು. “ಇನ್ನೊಂದು ಸಲ ಹಾಕು.”