ಎರಡು ಮೊಟ್ಟೆ, ಒಂದು ಕಂಬ

ಹಕ್ಕಿ ನೋಡುವವರ ಆನ್‌ಲೈನ್ ಗುಂಪಿಗೆ ಸೇರಿದ ಮೊದಲ ವಾರವೇ ನಾನು ಒಬ್ಬ ಡಾಕ್ಟರರ ತಪ್ಪು ತಿದ್ದಿದೆ. ಅವರು ಬೂದು ಎಂದು ಬರೆದ ಹಕ್ಕಿಯ ಎದೆ ಬೂದಾಗಿರಲಿಲ್ಲ, ಇಟ್ಟಿಗೆಯ ಬಣ್ಣದ್ದಾಗಿತ್ತು. ಇಳಕಲ್ಲಿನಲ್ಲಿ ಇಪ್ಪತ್ತು ವರ್ಷ ಸೀರೆ ನೇಯ್ದವಳಿಗೆ ಬಣ್ಣ ಹೇಳಿಕೊಡುವುದು ಬೇಡ. ಅವರು ಒಪ್ಪಿಕೊಂಡರು. ನಾನು ಜಂಬದ ಕೋಳಿಯಾದೆ.

ಅಮಾವಾಸ್ಯೆಗೆ ನಮ್ಮ ಮಗ್ಗಕ್ಕೆ ರಜೆ. ಅಂದು ತಮ್ಮನ ಹಳೆಯ ಕ್ಯಾಮೆರಾ ಹಿಡಿದು ಹುನಗುಂದದ ಬಸ್ಸು ಹತ್ತುತ್ತೇನೆ. ರಾಮಥಾಳದ ಕಡೆ ಬೀಳು ಹೊಲದಲ್ಲಿ ಕುರಿ ಮೇಯಿಸುವ ಅಣ್ಣನೊಬ್ಬರಿದ್ದಾರೆ, ಹಣೆಗೆ ಬೀರಪ್ಪನ ಭಂಡಾರದ ಅರಿಶಿನ ಹಚ್ಚದೆ ಕುರಿ ಬಿಡದ ಮನುಷ್ಯ. ಇಂಡಿಯನ್ ಕೋರ್ಸರ್ ಎಂಬ ಹಕ್ಕಿಯ ಗೂಡು ತೋರಿಸಿದವರು ಅವರೇ. ಗೂಡೆಂದರೆ ಗೂಡೇನಿಲ್ಲ, ಬರಿ ನೆಲದ ಮೇಲೆ ಎರಡು ಮೊಟ್ಟೆ.

"ಯಾರಿಗೂ ಹೇಳಬ್ಯಾಡ್ರಿ ಅಕ್ಕಾರ. ಮಂದಿ ಕಾಲಿಗೆ ಕಣ್ಣಿರೂದಿಲ್ಲ," ಅಂದರು.

ಹೇಳಲಿಲ್ಲ. ಫೋಟೋ ಹಾಕಿದೆ. ಗೂಡಿನ ಚಿತ್ರ ಹಾಕಬಾರದೆಂದು ಗುಂಪಿನ ನಿಯಮ. ಆದರೆ ಹಕ್ಕಿ ಮೊಟ್ಟೆಗಳನ್ನು ಮುಚ್ಚಿಕೊಂಡು ಕೂತಿತ್ತು, ಊರಿನ ಹೆಸರನ್ನೂ ನಾನು ಬರೆದಿರಲಿಲ್ಲ. ಮೆಚ್ಚುಗೆಯ ಮೇಲೆ ಮೆಚ್ಚುಗೆ ಬಂತು. ಹಕ್ಕಿಯ ಹುಬ್ಬಿನ ಬಿಳಿ ಪಟ್ಟಿಯನ್ನು ಎಳೆ ಎಳೆಯಾಗಿ ನೋಡಿದ್ದ ನಾನು ಅದರ ಹಿಂದಿನ ಹನಿ ನೀರಾವರಿಯ ಕಂಬವನ್ನು ನೋಡಿರಲಿಲ್ಲ. ಅದರ ಮೇಲೆ ದಪ್ಪಗೆ ನಂಬರ್ ಬರೆದಿತ್ತು. ನಮ್ಮ ಕಡೆಯವರಿಗೆ ಆ ನಂಬರ್ ಸಿಕ್ಕರೆ ಹೊಲವೇ ಸಿಕ್ಕಂತೆ.

ಎರಡೇ ದಿನಕ್ಕೆ ಕುರಿಯ ಅಣ್ಣನ ಫೋನ್ ಬಂತು. "ಬಾಗಲಕೋಟಿಯಿಂದ ಕಾರ್ ಬಂದೈತ್ರಿ. ಇಬ್ಬರು ಕ್ಯಾಮೆರಾದವ್ರು ಕಂಬದ ನಂಬರ್ ಹೇಳಿ ಅದೆಲ್ಲೈತಿ ಅಂತ ಕೇಳಾಕತ್ತಾರ. ನೀವು ಹೇಳೀರೇನ್ರಿ?"

ಮಗ್ಗದ ಕುಣಿಯಲ್ಲಿ ಇಳಿಬಿಟ್ಟಿದ್ದ ಕಾಲು ಮೇಲೆಳೆದುಕೊಂಡೆ. "ಹೇಳಿಲ್ರಿ ಅಣ್ಣಾರ. ತೋರ್ಸೇನಿ," ಅಂದೆ.

ಫೋಟೋ ಅಳಿಸಿ, ಅರ್ಧ ನೇಯ್ದ ಸೆರಗು ಬಿಟ್ಟು ಓಡಿದೆ. ನಾನು ಮುಟ್ಟುವ ಹೊತ್ತಿಗೆ ಕಾರು ಹಿಂದಿರುಗುತ್ತಿತ್ತು. ಅಣ್ಣ ಕಂಬದ ಸುತ್ತ ಕುರಿ ಹರಡಿ, ನಡುವೆ ಕೋಲೂರಿ ನಿಂತಿದ್ದರು. ಟಗರು ಹಾಯುತ್ತವೆ ಎಂದು ಬಂದವರನ್ನು ಹೆದರಿಸಿದ್ದರಂತೆ. ಆ ಟಗರುಗಳ ಕೊರಳು ತುರಿಸಿದರೆ ಕಣ್ಣು ಮುಚ್ಚುತ್ತವೆ.

"ಕುರಿ ತುಳಿಯಂಗಿಲ್ಲೇನ್ರಿ?"

"ಹಕ್ಕಿ ರೆಕ್ಕಿ ಬಿಚ್ಚಿ ನಿಂತ್ರ ಕುರಿ ಸುತ್ತಿ ಹೋಗ್ತಾವ್ರಿ. ಮನಷಾನ ಇನ್ನೂ ಹತ್ರ ಹೋಗ್ತಾನ."

ನನಗೆ ನಾಚಿಕೆಯಾಯಿತು. ಡಾಕ್ಟರರನ್ನು ತಿದ್ದಿದ ಬೆರಳಿನಿಂದಲೇ ಆ ಸಂಜೆ ಗುಂಪಿನಲ್ಲಿ ನನ್ನ ತಪ್ಪು ಬರೆದೆ. ಬಣ್ಣದ ವಿಷಯದಲ್ಲಿ ಈಗಲೂ ಯಾರಿಗೂ ಸೋಲುವುದಿಲ್ಲ, ಅದು ಬೇರೆ ಮಾತು. ಆದರೆ ಮುಂದಿನ ಅಮಾವಾಸ್ಯೆಯವರೆಗೆ ಲಾಳಿ ಎಸೆದಾಗಲೆಲ್ಲ ಆ ಎರಡು ಮೊಟ್ಟೆ ನೆನಪಾಗುತ್ತಿದ್ದವು.

ಆ ಅಮಾವಾಸ್ಯೆಗೆ ಹೋದಾಗ ಅಣ್ಣ ಕೋಲು ಚಾಚಿ ತೋರಿಸಿದರು. ಮಣ್ಣಿನ ಬಣ್ಣದ ಎರಡು ಮರಿ ತಾಯಿಯ ಹಿಂದೆ ಪುಟಪುಟನೆ ಓಡುತ್ತಿದ್ದವು.

"ಈಗ ತಗೀರಿ ಅಕ್ಕಾರ. ಅವಕ್ಕ ಓಡಾಕ ಬರತೈತಿ."

ನಾನು ಮೊದಲು ಕಂಬಕ್ಕೆ ಬೆನ್ನು ಮಾಡಿ ಕೂತೆ. ಆಮೇಲೆ ಕ್ಯಾಮೆರಾ ತೆಗೆದೆ.