ಮೇಜಿಗೆ ಶೇಂಗಾ ತಿಕ್ಕಿದ ಅಕ್ಕ

ಅವಳ ಬಲಗೈ ಹೆಬ್ಬೆರಳಿನ ಉಗುರು ಸುಟ್ಟ ಬೆಲ್ಲದ ಬಣ್ಣ. ಪಾಲಿಶ್ ಹತ್ತಿ ಹತ್ತಿ ಹಾಗಾಗಿತ್ತು. ಮಂಚಕ್ಕೋ ಬಾಗಿಲಿಗೋ ಗೀರು ಬಿದ್ದಿದೆ ಎಂದು ಕರೆದರೆ ಮೊದಲು ಆ ಉಗುರನ್ನು ಅಡ್ಡ ಎಳೆಯುತ್ತಿದ್ದಳು. ಸಿಕ್ಕಿಕೊಳ್ಳದಿದ್ದರೆ ಮೇಲಿನ ಗಾಯ, ಸಿಕ್ಕಿಕೊಂಡರೆ ಒಳಗಿನದು.

ಕೊಟ್ಟೂರಿನ ನಮ್ಮ ಓಣಿಯ ಕೊನೆಯ ಮನೆ ಅವಳದು. ಗಂಡ ಮರಗೆಲಸ ಮಾಡಿದರೆ ಇವಳು ಪಾಲಿಶ್ ಮಾಡುತ್ತಿದ್ದಳು. ಅವನು ಹೋದ ಮೇಲೂ ಕೆಲಸ ಬಿಡಲಿಲ್ಲ. ನನಗಿಂತ ದೊಡ್ಡವಳು, ಬಡಿಗೇರ ಅಕ್ಕ ಎನ್ನುತ್ತಿದ್ದೆ. ಬಾಯಿ ಒಳ್ಳೆಯದಲ್ಲ. ನನ್ನ ಚಹಾಕ್ಕೆ "ಅಕ್ಕಿ ತೊಳದ ನೀರು" ಎನ್ನುತ್ತಿದ್ದಳು, ಎರಡು ಲೋಟ ಕುಡಿಯುತ್ತಿದ್ದಳು.

ನನ್ನ ಸೊಸೆ ಬಂದು ಆಗ ಮೂರು ತಿಂಗಳು. ಕೂಡ್ಲಿಗಿಯಲ್ಲಿ ನರ್ಸು. ತವರೂರು ಇಟ್ಟಿಗಿಯಿಂದ ಒಂದು ಸಾಗವಾನಿ ಮೇಜು ತಂದಿದ್ದಳು. ಓದಲಿಕ್ಕೆಂದು ಅವಳಪ್ಪ ಮಾಡಿಸಿಕೊಟ್ಟಿದ್ದು. ದಿನಾ ಅದನ್ನು ಒರೆಸುವಷ್ಟು ಹೊತ್ತು ಕೂಡ ಅವಳು ನನ್ನ ಜೊತೆ ಮಾತಾಡುತ್ತಿರಲಿಲ್ಲ. ನಾನೂ ಮೇಲೆ ಬಿದ್ದು ಮಾತಾಡಿಸುವವಳಲ್ಲ.

ಒಂದು ದಿನ ಆ ಮೇಜಿನ ಮೇಲೆ ಅರಿಶಿನದ ಕಲೆ ಕಂಡಿತು. ತೆಗೆದರೆ ಖುಷಿಪಟ್ಟಾಳು ಎಂದು ಬೂದಿ ಹಾಕಿ, ಪಾತ್ರೆ ತಿಕ್ಕುವ ತಂತಿ ಹಿಡಿದು, ಹಿತ್ತಾಳೆ ಕೊಡ ತಿಕ್ಕಿದ ಹಾಗೆ ತಿಕ್ಕಿದೆ. ಕಲೆ ಹೋಯಿತು. ಹೊಳಪೂ ಹೋಯಿತು. ಮೊರದಗಲ ಗೀರು ಎದ್ದವು. ಓಡಿಹೋಗಿ ಅಕ್ಕನನ್ನು ಕರೆತಂದೆ.

"ಏನ್ ಮಾಡೀಯಬೇ? ಮೇಜಿನ ಚರ್ಮಾನ ಸುಲದೀಯಲ್ಲ!"

"ಬೈಬ್ಯಾಡ ಅಕ್ಕಾ. ಸಂಜಿ ಬಸ್ಸಿಗೆ ಬರ್ತಾಳ. ಅಷ್ಟರಾಗ ಮುಚ್ಚಿಬಿಡು."

ಉಗುರು ಎಳೆದಳು. ಮೂಲೆಯ ಒಂದು ಗೆರೆಯಲ್ಲಿ ಮಾತ್ರ ಸಿಕ್ಕಿತು. ನಮ್ಮ ಅಡುಗೆಮನೆಯಿಂದಲೇ ಒಂದು ಹಿಡಿ ಹಸಿ ಶೇಂಗಾಬೀಜ ತಂದು, ಒಡೆದು ತಿಕ್ಕತೊಡಗಿದಳು. ಎಣ್ಣೆ ಇಳಿದಂತೆ ಬಿಳಿ ಗೀರುಗಳು ಮರದ ಬಣ್ಣಕ್ಕೆ ತಿರುಗಿದವು. ನಾನೂ ಕೂತೆ.

"ಅಡ್ಡಡ್ಡ ತಿಕ್ಕಬ್ಯಾಡ. ಕಟ್ಟಿಗಿ ಎತ್ತಾಗ ಹೋಗೈತಿ ನೀನೂ ಅತ್ತಾಗ ಹೋಗು" ಎಂದು ನನ್ನ ಕೈಗೆ ಹೊಡೆದಳು.

ಮುಕ್ಕಾಲು ಮುಗಿದಾಗ ಕೇಳಿದಳು: "ಅಕಿಗೆ ಹೇಳ್ತೀ ಹೌದಿಲ್ಲ?"

"ಕಾಣದಂಗ ಆದಮ್ಯಾಲೆ ಹೇಳೋದ್ಯಾಕ?"

ಅಕ್ಕ ಉಳಿದ ಶೇಂಗಾ ಬಾಯಿಗೆ ಹಾಕಿಕೊಂಡು ಗೋಡೆಗೆ ಒರಗಿದಳು. "ಹಂಗಾದ್ರ ಮೂಲ್ಯಾಗಿಂದು ನಾ ಮುಟ್ಟಂಗಿಲ್ಲ. ಅದಕ್ಕ ಮೇಣ ತುಂಬಬೇಕು. ನೀ ಹೇಳಿದಮ್ಯಾಲೆ ತುಂಬ್ತೀನಿ."

ಬೇಡಿಕೊಂಡೆ, ಬೈದೆ. ಅಗಿಯುತ್ತ ಕೂತಳು.

ಸೊಸೆ ಬಂದಳು. ಅಕ್ಕ ನನ್ನ ಪಕ್ಕೆ ತಿವಿದಳು.

"ನಾನೇ ತಂತೀಲೆ ತಿಕ್ಕೀನಿ ನೋಡವ್ವ. ಕೆಡಿಸಿಬಿಟ್ಟೀನಿ" ಎಂದೆ.

ಸೊಸೆ ಮೇಜಿನ ಮೇಲೆ ಕೈಯಾಡಿಸಿದಳು. ಆಮೇಲೆ ಮೂಲೆಯ ಗೆರೆಗೆ ಬೆರಳಿಟ್ಟು, "ಅತ್ತಿ, ಇದು ನಿಮ್ಮದಲ್ಲರಿ, ನಂದು. ಪಿಯುಸಿ ಫೇಲಾದಾಗ ಸಿಟ್ಟಿಗೆ ಕೈವಾರದ ಮೊನೀಲೆ ಗೀಚಿದ್ದೆ. ಅಪ್ಪಗ ಇವತ್ತಿಗೂ ಹೇಳಿಲ್ಲ" ಎಂದಳು.

"ಅತ್ತಿಗೆ ತಕ್ಕ ಸೊಸಿ!" ಎಂದು ಅಕ್ಕ ಬಿದ್ದು ಬಿದ್ದು ನಕ್ಕಳು. "ಇದನ್ನ ತುಂಬ್ಲೋ ಬ್ಯಾಡೋ?"

"ಬ್ಯಾಡ್ರಿ, ಇರ್ಲಿ."

ಅವತ್ತು ಊಟಕ್ಕೆ ಕೂತಾಗ ಸೊಸೆ ಫೇಲಾದ ವರ್ಷದ ಕಥೆ ಪೂರ್ತಿ ಹೇಳಿದಳು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದು ಹೇಳಿದೆ. ಸಾರು ಆರಿಹೋಯಿತು.

ಹೋದ ಚಳಿಗಾಲದಲ್ಲಿ ಅಕ್ಕ ಮಲಗಿದಲ್ಲೇ ತೀರಿಕೊಂಡಳು. ಒಳ್ಳೆಯ ಸಾವು. ಅವತ್ತು ಅವಳು ನಾನು ಹೇಳಿದಂತೆ ಎಲ್ಲ ಮುಚ್ಚಿಕೊಟ್ಟು ಹೋಗಿದ್ದರೆ ಮೇಜಷ್ಟೇ ಉಳಿಯುತ್ತಿತ್ತು, ಸೊಸೆ ಸಿಗುತ್ತಿರಲಿಲ್ಲ. ಈ ಋಣ ತೀರುವಂಥದ್ದಲ್ಲ.

ಸುದ್ದಿ ಕೇಳಿ ಸೊಸೆ ಕೆಲಸ ಬಿಟ್ಟು ಬಂದಳು. ಈಚೆಗೆ ನನಗೆ ಮಂಡಿನೋವು, ಒಬ್ಬಳೇ ನಡೆಯಲಾಗುವುದಿಲ್ಲ.

"ನಡೀರಿ ಅತ್ತಿ, ನನ್ನ ಹೆಗಲು ಹಿಡೀರಿ" ಎಂದಳು.

ಹಿಡಿದೆ. ಓಣಿಯ ಕೊನೆಯವರೆಗೂ ಬಿಡಲಿಲ್ಲ.